ಸಿಬ್ಬಂದಿ ಆ್ಯಪ್ ರಿಪೇರಿ: ಬ್ಯಾಡ್ಜ್‌ಗಿಂತ ಮೊದಲು ಔಟ್‌ಬಾಕ್ಸ್

ರಿಪೇರಿಗೆ ತೆಗೆದುಕೊಂಡದ್ದು ಮಾಮೂಲಿ ಸಿಬ್ಬಂದಿ ಆ್ಯಪ್. ಶಿಫ್ಟ್ ಪಟ್ಟಿ, ರಜೆ ಅರ್ಜಿ, ಹಾಜರಿ, ಪೇಸ್ಲಿಪ್, ಸುತ್ತೋಲೆ, ದೂರು ಇಷ್ಟೇ ಅದರ ಕೆಲಸ. ಬಳಸುವವರು ಮೇಜಿನ ಮುಂದೆ ಕೂರುವವರಲ್ಲ; ಗೋದಾಮಿನಲ್ಲಿ, ವಾರ್ಡಿನಲ್ಲಿ, ಯಂತ್ರಗಳ ನಡುವೆ ನಿಂತು ದುಡಿಯುವವರು. ಹೆಚ್ಚಿನವರ ಕೈಯಲ್ಲಿ 2-3 ಜಿಬಿ ರ‍್ಯಾಮ್‌ನ ಆಂಡ್ರಾಯ್ಡ್ ಫೋನ್, ಕೆಲವರ ಬಳಿ ಐಫೋನ್, ಕೆಲವು ಕಡೆ ಮೂರು ಜನಕ್ಕೆ ಒಂದೇ ಫೋನ್. ಬೇಡಿಕೆ ಒಂದೇ ಸಾಲಿನದು: ಜನ ಆ್ಯಪ್ ತೆರೆಯುತ್ತಿಲ್ಲ, ಏನಾದರೂ ಮಾಡಿ. ಪರಿಹಾರವೂ ಜೊತೆಗೇ ಬಂದಿತ್ತು: ಅಂಕ, ಬ್ಯಾಡ್ಜ್, ತಿಂಗಳ ಟಾಪ್ ಹತ್ತರ ಪಟ್ಟಿ.

ಅವನ್ನು ಬದಿಗಿಟ್ಟು, ಇರುವ ಆ್ಯಪ್ ನೆಟ್ಟಗೆ ಕೆಲಸ ಮಾಡುತ್ತದೆಯೇ ಎಂಬುದನ್ನು ಮೊದಲು ನೋಡಿದೆವು. ನಾಳೆ ನನ್ನ ಶಿಫ್ಟ್ ಎಷ್ಟು ಹೊತ್ತಿಗೆ, ರಜೆ ಹಾಕುವುದು ಹೇಗೆ, ಈ ತಿಂಗಳು ಕೈಗೆಷ್ಟು ಬರುತ್ತದೆ: ಜನಕ್ಕೆ ನಿಜವಾಗಿ ಬೇಕಾದದ್ದು ಈ ಮೂರು. ಐಕಾನ್ ಒತ್ತಿದ ಕ್ಷಣದಿಂದ ಉತ್ತರ ಕಣ್ಣಿಗೆ ಬೀಳುವವರೆಗಿನ ಸಮಯವನ್ನು ಇರುವುದರಲ್ಲೇ ಅಗ್ಗದ ಫೋನಿನಲ್ಲಿ, ಸಿಗ್ನಲ್ ಒಂದೋ ಎರಡೋ ಕಡ್ಡಿ ಇರುವ ಜಾಗದಲ್ಲಿ ಅಳೆಯಬೇಕು. ಗುರಿ ಹೀಗೆ ಇಟ್ಟುಕೊಂಡೆವು: ಶಿಫ್ಟ್‌ಗೆ 5 ಸೆಕೆಂಡ್, ಪೇಸ್ಲಿಪ್‌ಗೆ 15, ರಜೆ ಅರ್ಜಿಗೆ 40. ಸರಾಸರಿ ನೋಡಬೇಡಿ, ಅದು ಒಳ್ಳೆಯ ಫೋನಿನವರ ಕಥೆ ಹೇಳುತ್ತದೆ. 95ನೇ ಪರ್ಸೆಂಟೈಲ್ ನೋಡಿ, ಅಂದರೆ ನೂರರಲ್ಲಿ 95 ಸಲ ಎಷ್ಟು ಸಮಯದೊಳಗೆ ಉತ್ತರ ಬರುತ್ತದೆ ಎಂಬುದನ್ನು.

ದಿನಕ್ಕೆಷ್ಟು ಜನ ತೆರೆದರು ಎಂಬ ಲೆಕ್ಕವನ್ನು ಡ್ಯಾಶ್‌ಬೋರ್ಡಿನ ಮೇಲ್ತುದಿಯಿಂದ ಕಿತ್ತೆವು. ಶಿಫ್ಟ್ ಪಟ್ಟಿ ಲೋಡ್ ಆಗದೆ ಐದು ಸಲ ತೆರೆದು ಮುಚ್ಚಿದವರು ಆ ಲೆಕ್ಕದಲ್ಲಿ ಬಹಳ ಉತ್ಸಾಹಿಗಳಂತೆ ಕಾಣುತ್ತಾರೆ. ಅದರ ಜಾಗಕ್ಕೆ ಬಂದದ್ದು: ಶುರುವಾದ ಕೆಲಸಗಳಲ್ಲಿ ಮುಗಿದವೆಷ್ಟು, ಎಷ್ಟು ಸಮಯ ಹಿಡಿಯಿತು, ಅರ್ಜಿಗೆ ಉತ್ತರ ಬರಲು ಎಷ್ಟು ಗಂಟೆ ಆಯಿತು. ಲೆಕ್ಕವೆಲ್ಲ ಶಿಫ್ಟ್ ಮಟ್ಟದಲ್ಲಿ. ಒಬ್ಬೊಬ್ಬರ ಹೆಸರಿಗೆ ಅಳತೆ ಹಚ್ಚಿದರೆ ಆ್ಯಪ್ ಕಾವಲುಗಾರನಾಗುತ್ತದೆ, ಆಮೇಲೆ ಏನು ಮಾಡಿದರೂ ಜನ ನಂಬುವುದಿಲ್ಲ.

ಲಾಗಿನ್: ತಾನಾಗಿಯೇ ಹೊರಗೆ ಹಾಕುವ ಆ್ಯಪ್

ಅತಿ ಹೆಚ್ಚು ದೂರು ಇದ್ದದ್ದು ಇಲ್ಲೇ: ಎರಡು ದಿನಕ್ಕೊಮ್ಮೆ ಪಾಸ್‌ವರ್ಡ್ ಕೇಳುತ್ತದೆ. ಸೆಷನ್ ಅವಧಿ ಕಡಿಮೆ ಇರಬಹುದು ಎಂದು ಸಂಖ್ಯೆ ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ, ಕಾರಣ ಬೇರೆ.

ಲಾಗಿನ್ ಆದವರಿಗೆ ಸರ್ವರ್ ಎರಡು ಗುರುತಿನ ಚೀಟಿ (ಟೋಕನ್) ಕೊಡುತ್ತದೆ. ಪ್ರತಿ ಕರೆಗೂ ತೋರಿಸುವ ಆಕ್ಸೆಸ್ ಟೋಕನ್ 15 ನಿಮಿಷಕ್ಕೆ ಮುಗಿಯುತ್ತದೆ, ರಿಫ್ರೆಶ್ ಟೋಕನ್ ಕೊಟ್ಟು ಹೊಸದನ್ನು ಪಡೆಯಬೇಕು. ಸುರಕ್ಷತೆಗಾಗಿ ಸರ್ವರ್ ಪ್ರತಿ ಸಲ ರಿಫ್ರೆಶ್ ಟೋಕನ್ನನ್ನೂ ಬದಲಾಯಿಸುತ್ತದೆ, ಹಳೆಯದನ್ನು ಯಾರಾದರೂ ಮತ್ತೆ ತಂದರೆ ಕಳ್ಳತನವೆಂದು ತಿಳಿದು ಇಡೀ ಸೆಷನ್ ರದ್ದು ಮಾಡುತ್ತದೆ. ಈಗ ಆ್ಯಪ್ ತೆರೆದಾಗ ಮುಖಪುಟ ಒಟ್ಟಿಗೆ ನಾಲ್ಕು ಕರೆ ಮಾಡುತ್ತದೆ: ಶಿಫ್ಟ್, ಸುತ್ತೋಲೆ, ರಜೆ ಬಾಕಿ, ಪ್ರೊಫೈಲ್. ನಾಲ್ಕಕ್ಕೂ 401, ಅಂದರೆ ಈ ಟೋಕನ್ ನಡೆಯದು ಎಂಬ ಉತ್ತರ ಬರುತ್ತದೆ. ನಾಲ್ಕೂ ಅದೇ ರಿಫ್ರೆಶ್ ಟೋಕನ್ ಹಿಡಿದು ಓಡುತ್ತವೆ. ಮೊದಲನೆಯದು ಗೆಲ್ಲುತ್ತದೆ, ಎರಡನೆಯದು ಹೋಗುವಷ್ಟರಲ್ಲಿ ಆ ಟೋಕನ್ ಹಳೆಯದಾಗಿರುತ್ತದೆ, ಸರ್ವರ್ ಗಂಟೆ ಬಾರಿಸಿ ಎಲ್ಲರನ್ನೂ ಹೊರಗಟ್ಟುತ್ತದೆ. ನೆಟ್‌ವರ್ಕ್ ಚುರುಕಾಗಿದ್ದರೆ ಒಮ್ಮೊಮ್ಮೆ ಇದು ಕಾಣಿಸಿಕೊಳ್ಳುವುದೇ ಇಲ್ಲ, ಹಾಗಾಗಿ ಆಫೀಸಿನಲ್ಲಿ ಕೂತು ಪರೀಕ್ಷಿಸುವವರಿಗೆ ಸಿಕ್ಕಿರುವುದಿಲ್ಲ.

ರಿಪೇರಿಗೆ ಎರಡು ಭಾಗ. ಫೋನಿನ ಕಡೆ ರಿಫ್ರೆಶ್‌ಗೆ ಒಂದೇ ಬಾಗಿಲು: ನೆಟ್‌ವರ್ಕ್ ಕರೆ ಮಾಡುವ ಲೈಬ್ರರಿಯಾದ ಓಕೆಎಚ್‌ಟಿಟಿಪಿಯಲ್ಲಿ 401 ಬಂದಾಗ ಓಡುವ ಅಥೆಂಟಿಕೇಟರ್ ಒಳಗೆ ಲಾಕ್ (ಒಂದು ಹೊತ್ತಿಗೆ ಒಂದೇ ಕರೆಯನ್ನು ಒಳಗೆ ಬಿಡುವ ಬೀಗ) ಹಾಕಿ, ಲಾಕ್ ಸಿಕ್ಕ ಮೇಲೆ ಮೊದಲು ನೋಡಬೇಕಾದದ್ದು ಈ ವಿಫಲ ಕರೆ ಬಳಸಿದ ಟೋಕನ್ನೂ ಈಗ ಸಂಗ್ರಹದಲ್ಲಿರುವ ಟೋಕನ್ನೂ ಒಂದೇಯೇ ಎಂದು. ಬೇರೆಯಾಗಿದ್ದರೆ ಯಾರೋ ಆಗಲೇ ಹೊಸದು ತಂದಿದ್ದಾರೆ. ಅದನ್ನೇ ಹಾಕಿ ಕರೆಯನ್ನು ಮತ್ತೆ ಕಳಿಸಿದರೆ ಸಾಕು. ಬರೀ ಲಾಕ್ ಹಾಕಿ ಈ ಹೋಲಿಕೆ ಬಿಟ್ಟರೆ ನಾಲ್ಕು ರಿಫ್ರೆಶ್ ಸಾಲಾಗಿ ನಡೆಯುತ್ತವೆ ಅಷ್ಟೇ. ಸರ್ವರ್ ಕಡೆ 60 ಸೆಕೆಂಡಿನ ರಿಯಾಯಿತಿ ಬೇಕು: ಹೊಸ ಟೋಕನ್ ಕೊಟ್ಟ ಉತ್ತರ ದಾರಿಯಲ್ಲೇ ಕಳೆದುಹೋದರೆ ಫೋನ್ ಹಳೆಯದನ್ನೇ ತರುತ್ತದೆ, ಆ ಅವಧಿಯೊಳಗೆ ತಂದರೆ ದಂಡಿಸಬೇಡಿ.

ಟೋಕನ್ ಇಡುವ ಜಾಗದಲ್ಲೂ ಮೂರು ಅಪಾಯಗಳಿವೆ. ಆಂಡ್ರಾಯ್ಡ್‌ನ ಆಟೋ ಬ್ಯಾಕಪ್ ಗೂಢಲಿಪಿಯಲ್ಲಿರುವ ಫೈಲನ್ನು ಹೊಸ ಫೋನಿಗೆ ತರುತ್ತದೆ, ಆದರೆ ಅದನ್ನು ಬಿಚ್ಚುವ, ಕೀಸ್ಟೋರ್ ಎಂಬ ಭದ್ರ ಪೆಟ್ಟಿಗೆಯಲ್ಲಿರುವ ಕೀಲಿ ಹಳೆಯ ಫೋನಿನಲ್ಲೇ ಉಳಿದಿರುತ್ತದೆ. ಆ್ಯಪ್ ತೆರೆದೊಡನೆ ಕ್ರ್ಯಾಶ್. ಆ ಫೈಲನ್ನು ಬ್ಯಾಕಪ್ ಪಟ್ಟಿಯಿಂದ ಹೊರಗಿಡಿ. ಹೊಸ ಬೆರಳಚ್ಚು ಸೇರಿಸಿದಾಗ ಬಯೋಮೆಟ್ರಿಕ್ ಕೀಲಿ ಶಾಶ್ವತವಾಗಿ ರದ್ದಾಗಬಹುದು. ಆಗ ಬರುವ ದೋಷಸೂಚನೆಯನ್ನು (ಎಕ್ಸೆಪ್ಶನ್) ಹಿಡಿದು ಪಾಸ್‌ವರ್ಡ್ ಪುಟಕ್ಕೆ ಕಳಿಸಬೇಕು, ಖಾಲಿ ಪರದೆ ತೋರಿಸಬಾರದು. ಐಫೋನಿನಲ್ಲಿ ಇದು ಉಲ್ಟಾ: ಆ್ಯಪ್ ಅಳಿಸಿದರೂ ಕೀಚೈನ್ ಎಂಬ ಅದರ ಭದ್ರ ಪೆಟ್ಟಿಗೆಯಲ್ಲಿ ಟೋಕನ್ ಉಳಿಯುತ್ತದೆ, ಮತ್ತೆ ಹಾಕಿದಾಗ ಹಿಂದಿನವರ ಸೆಷನ್ ಎದ್ದು ಕೂರಬಹುದು. ಮೊದಲ ಓಟದಲ್ಲೇ ಕೀಚೈನ್ ಗುಡಿಸಿ.

ತೆರೆಯುವ ವೇಗ

ಇದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕೋಲ್ಡ್ ಸ್ಟಾರ್ಟ್ (ಪೂರ್ತಿ ಮುಚ್ಚಿದ್ದ ಆ್ಯಪ್ ತೆರೆಯುವುದು) 5 ಸೆಕೆಂಡ್ ದಾಟಿದರೆ ಗೂಗಲ್‌ನ ಅಳತೆ ವ್ಯವಸ್ಥೆಯಾದ ಆಂಡ್ರಾಯ್ಡ್ ವೈಟಲ್ಸ್ ಅದನ್ನು ಅತಿಯೆಂದು ಗುರುತಿಸುತ್ತದೆ, 2ರೊಳಗೆ ತರಬೇಕು. ಆ್ಯಪ್ ಏಳುವಾಗಲೇ ಮೈಕೊಡವಿಕೊಂಡು ಏಳುವ ಎಸ್‌ಡಿಕೆಗಳನ್ನು (ಹೊರಗಿನವರ ಸಿದ್ಧ ಕೋಡ್) ಮೊದಲ ಪರದೆ ಬಂದ ಮೇಲಕ್ಕೆ ತಳ್ಳಿದೆವು, ಮುಖ್ಯ ಕೋಡನ್ನು ಮೊದಲೇ ಸಿದ್ಧಮಾಡಿಸುವ ಬೇಸ್‌ಲೈನ್ ಪ್ರೊಫೈಲ್ ಸೇರಿಸಿದೆವು. ನಿಜವಾದ ಲಾಭ ಬಂದದ್ದು ಬೇರೆ ಕಡೆಯಿಂದ: ಶಿಫ್ಟ್ ಪಟ್ಟಿಯನ್ನು ಫೋನಿನ ಡೇಟಾಬೇಸಿನಿಂದಲೇ ತೋರಿಸಿ, ನೆಟ್‌ವರ್ಕ್ ಉತ್ತರ ಬಂದಾಗ ಬದಲಾಯಿಸುವುದು. ಪಟ್ಟಿಯ ಕೆಳಗೆ "ಬೆಳಿಗ್ಗೆ 6:10ರ ಮಾಹಿತಿ" ಎಂಬ ಸಣ್ಣ ಸಾಲು ಕಡ್ಡಾಯ. ಹಳೆಯ ಶಿಫ್ಟನ್ನು ಹೊಸದೆಂದು ತೋರಿಸುವುದಕ್ಕಿಂತ ಏನೂ ತೋರಿಸದಿರುವುದೇ ವಾಸಿ. ಪಟ್ಟಿ ಬದಲಾಗದಿದ್ದರೆ ಸರ್ವರ್ ಇಟ್ಯಾಗ್ (ಪಟ್ಟಿಯ ಆವೃತ್ತಿಯ ಗುರುತು) ನೋಡಿ 304, ಅಂದರೆ ಬದಲಾಗಿಲ್ಲ ಎಂಬ ಉತ್ತರ ಕೊಟ್ಟರೆ ಸಾಕು, ಪಟ್ಟಿ ತರಲು ಮತ್ತೆ ಡೇಟಾ ಖರ್ಚಾಗುವುದಿಲ್ಲ. ರಾತ್ರಿ ಪಾಳಿಯನ್ನು ಅದು ಶುರುವಾಗುವ ದಿನಾಂಕದ ಲೆಕ್ಕಕ್ಕೇ ಹಾಕಿ; ಮಧ್ಯರಾತ್ರಿ 12ಕ್ಕೆ ಇವತ್ತಿನ ಶಿಫ್ಟ್ ಪರದೆಯಿಂದ ಮಾಯವಾಗುವ ದೋಷ ಇಂಥ ಆ್ಯಪ್‌ಗಳಲ್ಲಿ ಮೇಲಿಂದ ಮೇಲೆ ಸಿಗುತ್ತದೆ.

ಔಟ್‌ಬಾಕ್ಸ್

ರಿಪೇರಿಯ ಹೃದಯ ಇದು. ಹಳೆಯ ಆ್ಯಪ್‌ನಲ್ಲಿ ರಜೆ ಅರ್ಜಿಯ ಬಟನ್ ಒತ್ತಿದರೆ ನೇರ ಸರ್ವರ್‌ಗೆ ಕರೆ ಹೋಗುತ್ತಿತ್ತು. ನೆಟ್‌ವರ್ಕ್ ಇಲ್ಲದಿದ್ದರೆ "ಏನೋ ತಪ್ಪಾಗಿದೆ" ಎಂದು ಹೇಳಿ ತುಂಬಿದ್ದನ್ನೆಲ್ಲ ಅಳಿಸುತ್ತಿತ್ತು. ಜನ ಅದನ್ನು ಬಿಟ್ಟು ಸೂಪರ್‌ವೈಸರ್‌ಗೆ ಫೋನ್ ಮಾಡತೊಡಗಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೊಸ ವ್ಯವಸ್ಥೆಯಲ್ಲಿ ಬಟನ್ ಒತ್ತಿದರೆ ಫೋನಿನ ಡೇಟಾಬೇಸಿನ ಔಟ್‌ಬಾಕ್ಸ್ ಟೇಬಲ್‌ಗೆ ಒಂದು ಸಾಲು ಬೀಳುತ್ತದೆ. ಸಾಲಿನಲ್ಲಿ ಇರಬೇಕಾದದ್ದು: ಯುಯುಐಡಿ (ಮತ್ತೆಲ್ಲೂ ಬಾರದ ಗುರುತು ಸಂಖ್ಯೆ), ಯಾರ ಲಾಗಿನ್, ಕೆಲಸದ ಬಗೆ, ವಿವರ, ಸ್ಥಿತಿ, ಪ್ರಯತ್ನಗಳ ಎಣಿಕೆ, ಮುಂದಿನ ಪ್ರಯತ್ನದ ಸಮಯ, ಕೊನೆಯ ದೋಷ. ಯಾರ ಲಾಗಿನ್ ಎಂಬ ಕಾಲಮ್ ಬಿಟ್ಟರೆ ಹಂಚಿಕೊಂಡ ಫೋನಿನಲ್ಲಿ ಒಬ್ಬರ ರಜೆ ಇನ್ನೊಬ್ಬರ ಹೆಸರಿನಲ್ಲಿ ಹೋಗುತ್ತದೆ. ಸಾಲು ಬಿದ್ದ ಕೂಡಲೇ ಆ್ಯಪ್ ತಾನೇ ಕಳಿಸಲು ನೋಡುತ್ತದೆ. ಆಗದಿದ್ದರೆ ಆಂಡ್ರಾಯ್ಡ್‌ನ ಹಿಂಬದಿ ಕೆಲಸಗಳ ವ್ಯವಸ್ಥೆಯಾದ ವರ್ಕ್‌ಮ್ಯಾನೇಜರ್ ಮುಂದುವರಿಸುತ್ತದೆ.

ಯುಯುಐಡಿ ಸೃಷ್ಟಿಯಾಗಬೇಕಾದದ್ದು ಬಟನ್ ಒತ್ತಿದಾಗ, ಒಂದೇ ಸಲ. ಕಳಿಸುವ ಕೋಡಿನೊಳಗೆ ಸೃಷ್ಟಿಸಿದರೆ ಪ್ರತಿ ಪ್ರಯತ್ನಕ್ಕೂ ಹೊಸದು ಹುಟ್ಟುತ್ತದೆ, ಇಡೀ ಏರ್ಪಾಡು ದಂಡ. ಸರ್ವರ್ ಅರ್ಜಿಯನ್ನು ಬರೆದುಕೊಂಡ ನಂತರ ಉತ್ತರ ಬರುವ ಮುನ್ನ ಸಂಪರ್ಕ ಕಡಿದರೆ ಫೋನಿಗೆ ಅದು ಸೋಲಿನಂತೆಯೇ ಕಾಣುತ್ತದೆ, ಮತ್ತೆ ಕಳಿಸುತ್ತದೆ, ಒಂದೇ ದಿನಕ್ಕೆ ಎರಡು ರಜೆ ಕಡಿತ. ಆದ್ದರಿಂದ ಸರ್ವರ್ ಟೇಬಲ್‌ನಲ್ಲಿ ಆ ಐಡಿಗೆ ಯುನಿಕ್ ಇಂಡೆಕ್ಸ್ (ಅದನ್ನು ಎರಡನೇ ಸಲ ಬರೆಯಲು ಬಿಡದ ನಿಯಮ) ಹಾಕಿ, ಅದೇ ಐಡಿ ಎರಡನೇ ಸಲ ಬಂದರೆ ದೋಷ ಕೊಡದೆ ಮೊದಲು ಕೊಟ್ಟ ಉತ್ತರವನ್ನೇ ಕೊಡಬೇಕು. ದೋಷ ಕೊಟ್ಟರೆ ಅರ್ಜಿ ತಲುಪಿದ್ದರೂ ಬಳಕೆದಾರರಿಗೆ ಕೆಂಪು ಗುರುತು ಕಾಣುತ್ತದೆ.

ಯಾವುದನ್ನು ಮತ್ತೆ ಕಳಿಸಬೇಕು ಎಂಬುದೂ ಸ್ಪಷ್ಟವಾಗಿರಲಿ. ಸಂಪರ್ಕ ಕಡಿತ, 408 (ಸಮಯ ಮೀರಿತು), 429 (ಕರೆ ಅತಿಯಾಯಿತು), 5xx (ಸರ್ವರ್ ದೋಷ) ಬಂದರೆ ಮತ್ತೆ ಕಳಿಸಿ, ಎಷ್ಟು ಕಾಯಬೇಕೆಂದು ಹೇಳುವ ರಿಟ್ರೈ-ಆಫ್ಟರ್ ಹೆಡರ್ ಇದ್ದರೆ ಅದಕ್ಕೆ ಮರ್ಯಾದೆ ಕೊಡಿ. 400, 403, 422 (ಅರ್ಜಿಯಲ್ಲೇ ತಪ್ಪು ಅಥವಾ ಅನುಮತಿ ಇಲ್ಲ) ಬಂದರೆ ನೂರು ಸಲ ಕಳಿಸಿದರೂ ಅದೇ ಉತ್ತರ. ನಿಲ್ಲಿಸಿ, ಅರ್ಜಿಯನ್ನು ಕರಡಾಗಿ ಉಳಿಸಿ, ಯಾವ ಅಂಕಣ ತಪ್ಪಾಗಿದೆ ಎಂದು ತೋರಿಸಿ. 409 (ಘರ್ಷಣೆ) ವಿಶೇಷ: ಶಿಫ್ಟ್ ಬದಲಾವಣೆಯಲ್ಲಿ ಇನ್ನೊಬ್ಬರು ಮೊದಲೇ ಒಪ್ಪಿಕೊಂಡಿರುತ್ತಾರೆ. ಅಲ್ಲಿ "ವಿಫಲ" ಎನ್ನದೆ "ಈ ಶಿಫ್ಟನ್ನು ಬೇರೊಬ್ಬರು ತೆಗೆದುಕೊಂಡಿದ್ದಾರೆ" ಎಂದು ಹೇಳಿ, ಉಳಿದ ಶಿಫ್ಟ್‌ಗಳನ್ನು ಅಲ್ಲೇ ತೋರಿಸಿ.

ವರ್ಕ್‌ಮ್ಯಾನೇಜರ್‌ನ ಬ್ಯಾಕ್‌ಆಫ್ (ಮರುಪ್ರಯತ್ನಕ್ಕೆ ಮುನ್ನ ಕಾಯುವ ಸಮಯ) ಸುಮ್ಮನೆ ಬಿಟ್ಟರೆ 30 ಸೆಕೆಂಡಿನಿಂದ ಶುರುವಾಗಿ ಇಮ್ಮಡಿಸುತ್ತಾ ಹೋಗುತ್ತದೆ, ಗರಿಷ್ಠ 5 ಗಂಟೆ. ಆವರ್ತನದ ಕೆಲಸವನ್ನು 15 ನಿಮಿಷಕ್ಕಿಂತ ಬೇಗ ಓಡಿಸಲೂ ಬಿಡುವುದಿಲ್ಲ. ರಜೆ ಅರ್ಜಿ ಐದು ಗಂಟೆ ಫೋನಿನಲ್ಲೇ ಕೊಳೆಯುವುದು ಬೇಡ, ಹಾಗಾಗಿ ಆ್ಯಪ್ ತೆರೆದಾಗಲೆಲ್ಲ ಕಾಯುವಿಕೆಯನ್ನು ರದ್ದು ಮಾಡಿ ತಕ್ಷಣ ಪ್ರಯತ್ನಿಸುವಂತೆ ಮಾಡಿದೆವು. ಶಿಫ್ಟ್ ಮುಗಿದು ಎಲ್ಲರೂ ಒಟ್ಟಿಗೆ ಸಿಗ್ನಲ್ ಇರುವ ಕಡೆ ಬಂದಾಗ ನೂರಾರು ಫೋನು ಒಂದೇ ಸೆಕೆಂಡಿನಲ್ಲಿ ಸರ್ವರ್ ಮೇಲೆ ಬೀಳದಂತೆ ಕಾಯುವ ಸಮಯಕ್ಕೆ ಶೇ 20ರಷ್ಟು ಯಾದೃಚ್ಛಿಕ ಏರಿಳಿತ ಸೇರಿಸಿ.

ಕ್ಯೂ ಒಂದೇ ಇಟ್ಟರೆ ತೊಂದರೆ: ದೂರಿನ ಜೊತೆಗಿನ ದೊಡ್ಡ ಫೋಟೋ ಮುಂದೆ ಸಿಕ್ಕಿಕೊಂಡು ಹಾಜರಿಯೂ ಹಿಂದೆ ನಿಲ್ಲುತ್ತದೆ. ಎಲ್ಲವನ್ನೂ ಸಮಾನಾಂತರ ಬಿಟ್ಟರೂ ತೊಂದರೆ: ರಜೆಯ ರದ್ದತಿಯೇ ಮೂಲ ಅರ್ಜಿಗಿಂತ ಮೊದಲು ತಲುಪುತ್ತದೆ. ಒಂದೇ ಅರ್ಜಿಗೆ ಸೇರಿದವು ಸಾಲಾಗಿ, ಬೇರೆ ಬೇರೆಯವು ಸ್ವತಂತ್ರವಾಗಿ ಹೋಗಲಿ. ಸಾಲಿಗಾಗಿ ವರ್ಕ್‌ಮ್ಯಾನೇಜರ್‌ನ ಅಪೆಂಡ್ ನೀತಿ ಬಳಸಿದರೆ, ಮೊದಲು ಹೋದದ್ದು ಸೋತಾಗ ಅದರ ನಂತರ ಕಾಯುತ್ತಿರುವವೂ ಸೋತವೆಂದೇ ಗುರುತಾಗುತ್ತವೆ. ಅಪೆಂಡ್ ಆರ್ ರೀಪ್ಲೇಸ್ ಎಂಬುದನ್ನು ಆರಿಸಿ.

ಡೇಟಾಬೇಸಿನ ಬಗ್ಗೆ ಒಂದು ಎಚ್ಚರಿಕೆ. ಫೋನಿನ ಡೇಟಾಬೇಸ್ ನಡೆಸುವ ರೂಮ್ ಲೈಬ್ರರಿಯಲ್ಲಿ ಡಿಸ್ಟ್ರಕ್ಟಿವ್ ಮೈಗ್ರೇಶನ್ ಎಂಬ ಸುಲಭದ ದಾರಿ ಇದೆ: ಮೈಗ್ರೇಶನ್ (ಹಳೆಯ ಮಾಹಿತಿಯನ್ನು ಹೊಸ ರಚನೆಗೆ ಒಯ್ಯುವ ಕೋಡ್) ಬರೆಯದಿದ್ದರೆ ಹಳೆಯ ಟೇಬಲ್‌ಗಳನ್ನು ಅಳಿಸಿ ಹೊಸದು ಕಟ್ಟುತ್ತದೆ. ಶಿಫ್ಟ್ ಪಟ್ಟಿಗೆ ಅದು ನಡೆಯುತ್ತದೆ, ಸರ್ವರ್‌ನಿಂದ ಮತ್ತೆ ಬರುತ್ತದೆ. ಔಟ್‌ಬಾಕ್ಸ್ ಅದೇ ಫೈಲಿನಲ್ಲಿದ್ದರೆ ಕಳಿಸದೆ ಉಳಿದ ಅರ್ಜಿಗಳು ಅಪ್‌ಡೇಟ್ ಆದೊಡನೆ ಸದ್ದಿಲ್ಲದೆ ಹೋಗುತ್ತವೆ. ಎರಡಕ್ಕೂ ಬೇರೆ ಬೇರೆ ಡೇಟಾಬೇಸ್ ಫೈಲ್ ಮಾಡಿ, ಔಟ್‌ಬಾಕ್ಸ್‌ಗೆ ಕೈಯಾರೆ ಮೈಗ್ರೇಶನ್ ಬರೆಯಿರಿ.

ಹಾಜರಿಯ ಸಮಯಕ್ಕೆ ಫೋನಿನ ಗಡಿಯಾರವನ್ನಷ್ಟೇ ನಂಬಬೇಡಿ, ಅದನ್ನು ಯಾರು ಬೇಕಾದರೂ ಹಿಂದೆ ಮುಂದೆ ಮಾಡಬಹುದು. ಒತ್ತಿದ ಕ್ಷಣದ ಗಡಿಯಾರದ ಸಮಯದ ಜೊತೆಗೆ ಫೋನ್ ಚಾಲೂ ಆದಾಗಿನಿಂದ ಕಳೆದ ಸಮಯವನ್ನೂ, ಬೂಟ್ ಎಣಿಕೆಯನ್ನೂ (ಫೋನ್ ಎಷ್ಟು ಸಲ ಚಾಲೂ ಆಗಿದೆ) ಬರೆದಿಡಿ. ಈ ಎರಡನೇ ಗಡಿಯಾರ ಫೋನ್ ನಿದ್ರಿಸುವಾಗಲೂ ಓಡುತ್ತದೆ, ಯಾರೂ ತಿರುಗಿಸಲಾಗುವುದಿಲ್ಲ. ಸರ್ವರ್‌ಗೆ ತಲುಪಿದಾಗ ಬೂಟ್ ಎಣಿಕೆ ಅದೇ ಇದ್ದರೆ, ಒತ್ತಿದಾಗ ಮತ್ತು ಕಳಿಸುವಾಗ ಈ ಗಡಿಯಾರ ತೋರಿಸಿದ್ದರ ವ್ಯತ್ಯಾಸವನ್ನು ಸರ್ವರ್‌ನ ಸಮಯದಿಂದ ಕಳೆದರೆ ನಿಜವಾದ ಸಮಯ ಸಿಗುತ್ತದೆ. ನಡುವೆ ಫೋನ್ ರೀಸ್ಟಾರ್ಟ್ ಆಗಿದ್ದರೆ ಆ ದಾಖಲೆ ಸೂಪರ್‌ವೈಸರ್ ಪರಿಶೀಲನೆಗೆ ಹೋಗಲಿ, ತಾನಾಗಿ ತಿರಸ್ಕೃತವಾಗುವುದು ಬೇಡ.

ಪರದೆಯ ಮೇಲೆ ಪ್ರತಿ ಅರ್ಜಿಗೂ ನಾಲ್ಕು ಸ್ಥಿತಿ ಕಾಣುತ್ತದೆ: ಫೋನಿನಲ್ಲಿದೆ, ಆಫೀಸಿಗೆ ತಲುಪಿದೆ, ಸೂಪರ್‌ವೈಸರ್ ನೋಡಿದ್ದಾರೆ, ತೀರ್ಮಾನವಾಗಿದೆ. "ಸಿಂಕ್ ಬಾಕಿ" ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ತಿರುಗುವ ಚಕ್ರವನ್ನು ಪೂರ್ತಿ ತೆಗೆದೆವು. ಅದು ನಿಲ್ಲುವವರೆಗೆ ಫೋನನ್ನು ಜೇಬಿಗೆ ಹಾಕಲು ಜನ ಹೆದರುತ್ತಾರೆ.

ನೋಟಿಫಿಕೇಶನ್

ಇಲ್ಲಿ ಮೊದಲ ಸಮಸ್ಯೆ ತಾಂತ್ರಿಕವೇ ಅಲ್ಲ. ಹುಟ್ಟುಹಬ್ಬದ ಶುಭಾಶಯ, ಕ್ಯಾಂಟೀನ್ ಸೂಚನೆ, ನಾಳೆಯ ಶಿಫ್ಟ್ ಬದಲಾವಣೆ ಎಲ್ಲವೂ "ಜನರಲ್" ಎಂಬ ಒಂದೇ ಚಾನೆಲ್‌ನಲ್ಲಿ (ಬಳಕೆದಾರರು ಪ್ರತ್ಯೇಕವಾಗಿ ಮುಚ್ಚಬಹುದಾದ ನೋಟಿಫಿಕೇಶನ್ ಗುಂಪು), ಒಂದೇ ಸದ್ದಿನಲ್ಲಿ ಬರುತ್ತಿದ್ದವು. ಶುಭಾಶಯದ ಕಾಟಕ್ಕೆ ಚಾನೆಲ್ ಮುಚ್ಚಿದವರಿಗೆ ಶಿಫ್ಟ್ ಬದಲಾವಣೆಯೂ ಬರುವುದು ನಿಂತಿತು.

ಚಾನೆಲ್‌ಗಳನ್ನು ನಾಲ್ಕಕ್ಕೆ ಒಡೆದೆವು: ಸುರಕ್ಷತೆ, ಶಿಫ್ಟ್ ಬದಲಾವಣೆ, ನನ್ನ ಅರ್ಜಿಗಳು, ಸುತ್ತೋಲೆ. ಮೊದಲೆರಡಕ್ಕೆ ಹೆಚ್ಚಿನ ಪ್ರಾಮುಖ್ಯ, ಮೂರನೆಯದಕ್ಕೆ ಸಾಮಾನ್ಯ, ಸುತ್ತೋಲೆ ಸದ್ದಿಲ್ಲದೆ. ಶುಭಾಶಯಕ್ಕೆ ನೋಟಿಫಿಕೇಶನ್ ಇಲ್ಲವೇ ಇಲ್ಲ. ಆಂಡ್ರಾಯ್ಡ್ 8ರಿಂದ ಈಚೆಗೆ ಚಾನೆಲ್ ಒಮ್ಮೆ ಹುಟ್ಟಿದರೆ ಅದರ ಪ್ರಾಮುಖ್ಯವನ್ನು ಕೋಡ್ ಮೂಲಕ ಏರಿಸಲು ಬರುವುದಿಲ್ಲ. ಅಳಿಸಿ ಅದೇ ಐಡಿಯಲ್ಲಿ ಮತ್ತೆ ಮಾಡಿದರೆ ಹಳೆಯ ಸೆಟ್ಟಿಂಗ್ ಸಮೇತ ಎದ್ದು ಬರುತ್ತದೆ. ಹೊಸ ಐಡಿಯೇ ಬೇಕು. ಹೆಸರನ್ನಂತೂ ಯಾವಾಗ ಬೇಕಾದರೂ ಬದಲಾಯಿಸಬಹುದು, ಫೋನಿನ ಭಾಷೆ ಬದಲಾದಾಗ ಅದನ್ನು ಮರೆಯಬೇಡಿ.

ಆಂಡ್ರಾಯ್ಡ್ 13ರಿಂದ ಹೊಸದಾಗಿ ಹಾಕಿದ ಆ್ಯಪ್‌ಗೆ ನೋಟಿಫಿಕೇಶನ್ ಅನುಮತಿ ಕೇಳಿಯೇ ಪಡೆಯಬೇಕು, ಎರಡು ಸಲ ನಿರಾಕರಿಸಿದರೆ ಸಿಸ್ಟಂ ಆಮೇಲೆ ಪ್ರಶ್ನೆಯನ್ನೇ ತೋರಿಸುವುದಿಲ್ಲ. ಲಾಗಿನ್ ಪುಟದಲ್ಲೇ ಕೇಳಿದರೆ ಜನ ಬೇಡ ಒತ್ತುತ್ತಾರೆ. ಮೊದಲ ಸಲ ಶಿಫ್ಟ್ ಪಟ್ಟಿ ನೋಡಿದ ನಂತರ, "ಶಿಫ್ಟ್ ಬದಲಾದರೆ ತಿಳಿಸಬೇಕೇ?" ಎಂದು ಆ್ಯಪ್‌ನ ಸ್ವಂತ ಸಾಲಿನಲ್ಲಿ ಕೇಳಿ, ಹೌದು ಅಂದವರಿಗೆ ಮಾತ್ರ ಸಿಸ್ಟಂ ಪ್ರಶ್ನೆ ತೋರಿಸಬೇಕು. ಐಫೋನಿನಲ್ಲಿ ಶಿಫ್ಟ್ ಬದಲಾವಣೆಗೆ ಐಒಎಸ್ 15ರಿಂದ ಇರುವ ಟೈಮ್ ಸೆನ್ಸಿಟಿವ್ ಮಟ್ಟ ಬಳಸಬಹುದು. ಸುತ್ತೋಲೆಗೆ ಅದನ್ನು ಹಚ್ಚಿದರೆ ಬಳಕೆದಾರರೇ ಅದನ್ನು ಮುಚ್ಚುತ್ತಾರೆ.

ಕಳಿಸಿದ್ದು ತಲುಪದಿರಲು ಕಾರಣಗಳು ಹಲವು. ನೋಟಿಫಿಕೇಶನ್ ತಲುಪಿಸುವ ಗೂಗಲ್ ಸೇವೆಯಾದ ಎಫ್‌ಸಿಎಂನಲ್ಲಿ ಸಾಮಾನ್ಯ ಆದ್ಯತೆಯ ಸಂದೇಶ ಫೋನ್ ಡೋಜ್‌ನಲ್ಲಿದ್ದರೆ (ಬಳಸದಿರುವಾಗಿನ ಗಾಢ ನಿದ್ರೆ) ತಡವಾಗುತ್ತದೆ. ಹೆಚ್ಚಿನ ಆದ್ಯತೆ ಎಬ್ಬಿಸುತ್ತದೆ, ಆದರೆ ಪರದೆಯಲ್ಲಿ ಏನೂ ತೋರಿಸದ ಸಂದೇಶಗಳಿಗೆ ಅದನ್ನು ಬಳಸುತ್ತಾ ಹೋದರೆ ಎಫ್‌ಸಿಎಂ ಆ ಆದ್ಯತೆಯನ್ನೇ ಇಳಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫೋರ್ಸ್ ಸ್ಟಾಪ್ ಮಾಡಿದ ಆ್ಯಪ್‌ಗೆ ಮತ್ತೆ ತೆರೆಯುವವರೆಗೆ ಏನೂ ಬರದು. ಕೆಲವು ಕಂಪನಿಗಳ ಫೋನಿನ ಬ್ಯಾಟರಿ ಉಳಿತಾಯ ವ್ಯವಸ್ಥೆ ಹಿಂಬದಿಯ ಆ್ಯಪ್‌ಗಳನ್ನು ಇದೇ ರೀತಿ ಮುಗಿಸುತ್ತದೆ. ಆಂಡ್ರಾಯ್ಡ್‌ನಲ್ಲಿ 270 ದಿನ ಬಳಸದ ಎಫ್‌ಸಿಎಂ ಟೋಕನ್ (ಸಂದೇಶ ಕಳಿಸಲು ಫೋನಿನ ವಿಳಾಸ, ಲಾಗಿನ್‌ನದಲ್ಲ) ಅವಧಿ ಮೀರುತ್ತದೆ. ಅನ್‌ರಿಜಿಸ್ಟರ್ಡ್ ಎಂಬ ಉತ್ತರ ಬಂದರೆ ಆ ಟೋಕನನ್ನು ಕೂಡಲೇ ಅಳಿಸಿ. ಲಾಗೌಟ್ ಆದಾಗಲೂ ಸರ್ವರ್‌ನಿಂದ ಟೋಕನ್ ತೆಗೆಯಿರಿ, ಇಲ್ಲದಿದ್ದರೆ ಹಂಚಿಕೊಂಡ ಫೋನಿನ ಲಾಕ್ ಪರದೆಯಲ್ಲಿ ಹಿಂದಿನವರ ರಜೆಯ ಕಾರಣ ಕಾಣುತ್ತದೆ. ಸಂಬಳದ ಮೊತ್ತವನ್ನು ನೋಟಿಫಿಕೇಶನ್‌ನಲ್ಲಿ ಎಂದೂ ಬರೆಯಬೇಡಿ.

ಸಂದೇಶದ ಆಯಸ್ಸನ್ನೂ ಹೇಳಿ ಕಳಿಸಬೇಕು. ಹೇಳದಿದ್ದರೆ ಎಫ್‌ಸಿಎಂ ಅದನ್ನು 4 ವಾರ ಹಿಡಿದಿಟ್ಟುಕೊಳ್ಳುತ್ತದೆ. ಆಫ್ ಆಗಿದ್ದ ಫೋನ್ ಚಾಲೂ ಆದಾಗ ಮುಗಿದುಹೋದ ಶಿಫ್ಟಿನ ಬದಲಾವಣೆಗಳು ಸಾಲಾಗಿ ಬಂದು ಬೀಳುತ್ತವೆ. ಶಿಫ್ಟ್ ಬದಲಾವಣೆಗೆ ಆಯಸ್ಸು ಆ ಶಿಫ್ಟ್ ಶುರುವಾಗುವವರೆಗೆ. ಒಂದೇ ವಾರದ ಪಟ್ಟಿ ಮೂರು ಸಲ ಬದಲಾದರೆ ಕೊನೆಯದೊಂದೇ ಸಾಕು, ಅದಕ್ಕೆ ಕೊಲ್ಯಾಪ್ಸ್ ಕೀ: ಅದೇ ಕೀ ಇರುವ ಹಳೆಯ ಸಂದೇಶದ ಜಾಗಕ್ಕೆ ಹೊಸದು ಬರುತ್ತದೆ. ಒಂದು ಸಾಧನಕ್ಕೆ ಒಂದು ಹೊತ್ತಿಗೆ ನಾಲ್ಕು ಕೀಗಳಿಗೆ ಮಾತ್ರ ಅವಕಾಶ.

ಸಂದೇಶದ ಗಾತ್ರದ ಮಿತಿ 4096 ಬೈಟ್. ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆ ಯುಟಿಎಫ್-8 ಬರೆಹಕ್ರಮದಲ್ಲಿ 3 ಬೈಟ್ ತಿನ್ನುತ್ತದೆ. "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೆ 6 ಚಿಹ್ನೆ, 18 ಬೈಟ್. ಇಂಗ್ಲಿಷಿನಲ್ಲಿ ಸರಾಗವಾಗಿ ಹೋಗುತ್ತಿದ್ದ ಸುತ್ತೋಲೆ ಕನ್ನಡದಲ್ಲಿ ಮಾತ್ರ ಸೋಲುತ್ತಿದ್ದುದಕ್ಕೆ ಇದೇ ಕಾರಣ. ಶೀರ್ಷಿಕೆ, ಐಡಿ ಮಾತ್ರ ಕಳಿಸಿ, ಉಳಿದದ್ದನ್ನು ಆ್ಯಪ್ ತಂದುಕೊಳ್ಳಲಿ.

ತಲುಪಿತು ಎಂದರೆ ನೋಡಿದರು ಎಂದಲ್ಲ. ಶಿಫ್ಟ್ ಬದಲಾವಣೆಯ ನೋಟಿಫಿಕೇಶನ್‌ನಲ್ಲೇ "ನೋಡಿದೆ" ಬಟನ್ ಇದೆ, ಅದೂ ಔಟ್‌ಬಾಕ್ಸ್ ಮೂಲಕವೇ ಹೋಗುತ್ತದೆ. ಎರಡು ಗಂಟೆಯೊಳಗೆ ಉತ್ತರ ಬರದಿದ್ದರೆ ಎಸ್‌ಎಂಎಸ್, ಅದಕ್ಕೂ ಇಲ್ಲದಿದ್ದರೆ ಸೂಪರ್‌ವೈಸರ್ ಫೋನ್ ಮಾಡಬೇಕಾದವರ ಪಟ್ಟಿಗೆ ಹೆಸರು. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿಗೆ 160 ಅಕ್ಷರ ಹಿಡಿಸಿದರೆ ಕನ್ನಡಕ್ಕೆ 70 ಚಿಹ್ನೆ. ಒಂದಕ್ಕಿಂತ ಹೆಚ್ಚಾದರೆ ತುಂಡಿಗೆ 67. "ನಾಳೆ ಶಿಫ್ಟ್ 14:00ಕ್ಕೆ. ಆ್ಯಪ್ ನೋಡಿ." ಇಷ್ಟರಲ್ಲಿ ಮುಗಿಸಿ.

ಶಿಫ್ಟ್ ಮುಗಿದವರಿಗೆ ಸುರಕ್ಷತೆ ಮತ್ತು ಮುಂದಿನ ಶಿಫ್ಟ್ ಬಿಟ್ಟು ಬೇರೇನೂ ಹೋಗಬಾರದು. ಈ ತಡೆ ಸರ್ವರ್‌ನಲ್ಲಿರಲಿ. ಫೋನಿನಲ್ಲಿ ಹಾಕಿದರೆ ಹಳೆಯ ಆವೃತ್ತಿಯವರಿಗೆ ಅದು ಇರುವುದಿಲ್ಲ.

ಕನ್ನಡ ಪಠ್ಯ ಮುರಿಯುವ ಜಾಗಗಳು

ಆ್ಯಪ್ ಕನ್ನಡದಲ್ಲಿದೆ ಎಂಬುದಕ್ಕೂ ಕನ್ನಡದಲ್ಲಿ ಓದಬಹುದು ಎಂಬುದಕ್ಕೂ ಅಂತರವಿದೆ. ಬಟನ್‌ನ ಎತ್ತರ ಸ್ಥಿರವಾಗಿದ್ದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ; "ಉಷ್ಣ", "ರಾಷ್ಟ್ರೀಯ" ಎಂದು ಬರೆದು ಪರೀಕ್ಷಿಸಿ. ಎತ್ತರವನ್ನು ಕನಿಷ್ಠ 48 ಡಿಪಿ (ಆಂಡ್ರಾಯ್ಡ್‌ನ ಪರದೆ ಅಳತೆ) ಎಂದು ಕೊಟ್ಟು ಮೇಲೆ ಬೆಳೆಯಲು ಬಿಡಿ, ಫಾಂಟಿನ ಪ್ಯಾಡಿಂಗ್ ತೆಗೆಯುವ ಆಯ್ಕೆ ಮುಟ್ಟಬೇಡಿ. ಅಕ್ಷರ ಗಾತ್ರ ಶೇ 200ಕ್ಕೆ ಏರಿಸಿ ಎಲ್ಲ ಪರದೆ ಒಮ್ಮೆ ನೋಡಿ. ಶೀರ್ಷಿಕೆಯನ್ನು ಮೊದಲ 30 ಕೋಡ್ ಯೂನಿಟ್‌ಗೆ (ಕನ್ನಡದ ಒಂದು ಚಿಹ್ನೆಗೆ ಒಂದು) ಕತ್ತರಿಸುವ ಹಳೆಯ ಕೋಡ್ ಅಕ್ಷರದ ನಡುವೆ ಕಡಿದು ಕೊನೆಯಲ್ಲಿ ಬರಿಯ ಹಲಂತ ಉಳಿಸುತ್ತದೆ. ಅದಕ್ಕೆ ಅಕ್ಷರದ ಗಡಿ ಹುಡುಕಿಕೊಡುವ ಬ್ರೇಕ್ ಇಟರೇಟರ್ ಇದೆ. ಹೆಸರು ಹುಡುಕಿದರೆ ಸಿಗದಿರುವುದಕ್ಕೆ ಹೆಚ್ಚಾಗಿ "ೊ", "ೋ" ಕಾರಣ: ಒಂದೇ ಚಿಹ್ನೆಯಾಗಿಯೂ ತುಂಡುಗಳಾಗಿಯೂ ಅವನ್ನು ಬರೆಯಬಹುದು, ಕಣ್ಣಿಗೆ ಒಂದೇ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿಗೆ, ಅಂದರೆ ಯೂನಿಕೋಡ್‌ನ ಜೋಡಿಸಿದ ಏಕರೂಪಕ್ಕೆ ತನ್ನಿ.

ಎಲ್ಲಕ್ಕಿಂತ ಮಜವಾದ ದೋಷ ರಜೆ ಬಾಕಿಯಲ್ಲಿತ್ತು. ಒಂದೂ ರಜೆ ಉಳಿಯದವರಿಗೆ "ಒಂದು ರಜೆ ಬಾಕಿ ಇದೆ" ಎಂದು ತೋರಿಸುತ್ತಿತ್ತು. ಡೇಟಾಬೇಸ್ ಸರಿ, ಎಪಿಐ (ಆ್ಯಪ್‌ಗೂ ಸರ್ವರ್‌ಗೂ ನಡುವಿನ ಕೊಂಡಿ) ಸರಿ, ಲೆಕ್ಕವೂ ಸರಿ. ಭಾಷೆಗಳ ಪ್ರಮಾಣಿತ ದತ್ತಾಂಶವಾದ ಸಿಎಲ್‌ಡಿಆರ್‌ನ ನಿಯಮದಲ್ಲಿ ಇಂಗ್ಲಿಷಿನ ಏಕವಚನ ವರ್ಗಕ್ಕೆ 1 ಮಾತ್ರ ಬರುತ್ತದೆ, ಕನ್ನಡದ ಏಕವಚನ ವರ್ಗಕ್ಕೆ 0 ಕೂಡ ಬರುತ್ತದೆ. ಅನುವಾದಿಸಿದವರು ಏಕವಚನದ ಸಾಲಿನಲ್ಲಿ ಅಂಕಿಯ ಜಾಗ ಬಿಡದೆ "ಒಂದು" ಎಂದು ಅಕ್ಷರದಲ್ಲೇ ಬರೆದಿದ್ದರು. ಆಂಡ್ರಾಯ್ಡ್‌ನ ಪ್ಲೂರಲ್ಸ್‌ನಲ್ಲಿ (ಏಕವಚನ-ಬಹುವಚನದ ಸಾಲುಗಳ ಪಟ್ಟಿ) ಸೊನ್ನೆಗೆಂದು ಬೇರೆ ಸಾಲು ಬರೆದರೂ ಕನ್ನಡದಲ್ಲಿ ಅದನ್ನು ಕೇಳುವವರಿಲ್ಲ. ಸೊನ್ನೆಯನ್ನು ಕೋಡಿನಲ್ಲೇ ಬೇರ್ಪಡಿಸಿ "ರಜೆ ಬಾಕಿ ಇಲ್ಲ" ಎಂಬ ಪ್ರತ್ಯೇಕ ವಾಕ್ಯ ಕೊಡಿ, ಉಳಿದ ಎಲ್ಲ ಸಾಲುಗಳಲ್ಲೂ ಅಂಕಿಯ ಜಾಗ ಇರಲಿ.

ಫೋಟೋ, ಸ್ಥಳ, ಗುಟ್ಟಿನ ದೂರು

ಸುತ್ತೋಲೆಯನ್ನು ಪೋಸ್ಟರ್ ಚಿತ್ರವಾಗಿ ಹಾಕುವ ಅಭ್ಯಾಸ ನಿಲ್ಲಿಸಿ. ದೃಷ್ಟಿಯಿಲ್ಲದವರಿಗೆ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಅದನ್ನು ಓದದು, ಹುಡುಕಿದರೆ ಸಿಗದು, 4000×3000ರ ಒಂದು ಚಿತ್ರ ಮೆಮೊರಿಯಲ್ಲಿ ಬಿಚ್ಚಿದರೆ ಸುಮಾರು 48 ಎಂಬಿ. ಅಂಥ ಮೂರು ಸಾಲಾಗಿ ಬಂದರೆ 2 ಜಿಬಿ ಫೋನಿನಲ್ಲಿ ಆ್ಯಪ್ ಮುಗ್ಗರಿಸುತ್ತದೆ. ದೂರಿನ ಫೋಟೋಗಳನ್ನು ಕಳಿಸುವ ಮುನ್ನ ಉದ್ದದ ಬದಿ 1600 ಪಿಕ್ಸೆಲ್, ಜೆಪೆಗ್ ಗುಣಮಟ್ಟ 80ಕ್ಕೆ ಇಳಿಸಿ. ಹಾಗೆ ಮಾಡುವಾಗ ಎಕ್ಸಿಫ್‌ನ (ಫೋಟೋದೊಳಗೆ ಅಡಗಿರುವ ಮಾಹಿತಿ) ದಿಕ್ಕನ್ನು ಓದಿ ಚಿತ್ರ ತಿರುಗಿಸಿಯೇ ಉಳಿಸಬೇಕು, ಜೊತೆಗೆ ಅದರೊಳಗಿನ ಜಿಪಿಎಸ್ ಬಿಂದುವನ್ನು ಕಿತ್ತುಹಾಕಬೇಕು.

ಸ್ಥಳದ ಅನುಮತಿ ಹಾಜರಿ ಒತ್ತಿದಾಗ ಮಾತ್ರ. ಆಂಡ್ರಾಯ್ಡ್ 12ರಿಂದ ಬಳಕೆದಾರರು ಅಂದಾಜು ಸ್ಥಳವನ್ನಷ್ಟೇ ಕೊಡಬಹುದು, ಕಟ್ಟಡದೊಳಗೆ ಜಿಪಿಎಸ್ ಹೇಗೂ ತಪ್ಪುತ್ತದೆ. ಹಾಜರಿ ಒಪ್ಪುವ ಪ್ರದೇಶದ (ಬೇಲಿ) ತ್ರಿಜ್ಯ 100-150 ಮೀಟರ್‌ಗಿಂತ ಕಿರಿದಾದರೆ ಗೇಟಿನಲ್ಲಿ ನಿಂತವರಿಗೂ ಗೈರುಹಾಜರಿ ಬೀಳುತ್ತದೆ. ಗೇಟಿನಲ್ಲಿ ಬದಲಾಗುತ್ತಿರುವ ಕ್ಯೂಆರ್ ಪರದೆ ಇಟ್ಟರೆ ಸ್ಥಳವನ್ನು ಕೇಳುವ ಅಗತ್ಯವೇ ಇಲ್ಲ.

ಅನಾಮಧೇಯ ದೂರು ಎಂದು ಬರೆದಿದ್ದ ಪುಟ ಲಾಗಿನ್ ಟೋಕನ್ ಸಮೇತ ಸರ್ವರ್‌ಗೆ ಹೋಗುತ್ತಿತ್ತು. ಅದು ಅನಾಮಧೇಯವಲ್ಲ. ಈಗ ಬೇರೆ ಎಂಡ್‌ಪಾಯಿಂಟ್ (ಕರೆ ಹೋಗುವ ಸರ್ವರ್ ವಿಳಾಸ), ಟೋಕನ್ ಇಲ್ಲ, ಸಮಯದ ಜಾಗದಲ್ಲಿ ದಿನಾಂಕ ಮಾತ್ರ, ಐದಕ್ಕಿಂತ ಕಡಿಮೆ ಉತ್ತರ ಬಂದ ವಿಭಾಗದ ಫಲಿತಾಂಶ ಯಾರಿಗೂ ಕಾಣದು. ವೆಬ್ ಸರ್ವರ್‌ನ ಆಕ್ಸೆಸ್ ಲಾಗ್‌ನಲ್ಲಿ ಐಪಿ (ಫೋನಿನ ಇಂಟರ್ನೆಟ್ ವಿಳಾಸ) ಉಳಿಯದಂತೆಯೂ ನೋಡಿಕೊಳ್ಳಿ. ಇಷ್ಟು ಮಾಡಲಾಗದಿದ್ದರೆ "ಗೌಪ್ಯ, ಇಂಥವರು ಮಾತ್ರ ಓದುತ್ತಾರೆ" ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ.

ಸೂಪರ್‌ವೈಸರ್ ಕಡೆಯ ಅರ್ಧ

ಸಿಬ್ಬಂದಿಯ ಪರದೆ ಎಷ್ಟೇ ಚುರುಕಾದರೂ ಅರ್ಜಿಗೆ ಉತ್ತರ ಬರದಿದ್ದರೆ ಆ್ಯಪ್ ಸತ್ತಂತೆಯೇ. ಹಳೆಯ ವ್ಯವಸ್ಥೆಯಲ್ಲಿ ಮಂಜೂರಾತಿಗೆ ಕಂಪ್ಯೂಟರ್ ಮುಂದೆ ಕೂತು, ಬೇರೆ ಪಾಸ್‌ವರ್ಡ್ ಹಾಕಿ, ಐದು ಪುಟ ದಾಟಬೇಕಿತ್ತು. ಹಗಲೆಲ್ಲ ನಿಂತೇ ಇರುವ ಸೂಪರ್‌ವೈಸರ್ ಅದನ್ನು ವಾರದ ಕೊನೆಗೆ ತಳ್ಳುತ್ತಿದ್ದರು. ಈಗ ನೋಟಿಫಿಕೇಶನ್‌ನಲ್ಲೇ ಒಪ್ಪಿಗೆ, ನಿರಾಕರಣೆ. ಒಪ್ಪಿಗೆಯ ಬಟನ್ ಜೊತೆಗೆ ಅವರಿಗೆ ನಿಜವಾಗಿ ಬೇಕಾದ ಒಂದು ಸಾಲು: ಆ ದಿನ ಆ ಶಿಫ್ಟ್‌ಗೆ ಎಷ್ಟು ಜನ ಬೇಕು, ಎಷ್ಟು ಜನ ಇದ್ದಾರೆ. ಆ ಸಾಲಿಲ್ಲದೆ ಯಾವ ಸೂಪರ್‌ವೈಸರೂ ಹೌದು ಅನ್ನುವುದಿಲ್ಲ, ಆಮೇಲೆ ನೋಡೋಣ ಎಂದು ಬಿಡುತ್ತಾರೆ. ನಿರಾಕರಿಸಿದರೆ ಕಾರಣ ಕಡ್ಡಾಯ. ನಾಲ್ಕು ಸಿದ್ಧ ಕಾರಣಗಳಲ್ಲಿ ಒಂದನ್ನು ಒತ್ತಿದರೆ ಸಾಕು. 48 ಗಂಟೆ ಉತ್ತರವಿಲ್ಲದಿದ್ದರೆ ಅರ್ಜಿ ಮೇಲಿನವರಿಗೆ ಹೋಗುತ್ತದೆ, ಅದು ಹೋದದ್ದು ಅರ್ಜಿ ಹಾಕಿದವರಿಗೂ ಕಾಣುತ್ತದೆ.

ಬ್ಯಾಡ್ಜ್, ಟಾಪ್ ಹತ್ತು ಎರಡನ್ನೂ ಕಟ್ಟಲಿಲ್ಲ. ರಜೆ ಹಾಕದವರಿಗೆ ಅಂಕ ಕೊಡುವ ಲೆಕ್ಕ ಅದರಲ್ಲಿತ್ತು. ಹುಷಾರಿಲ್ಲದಿದ್ದರೂ ಕೆಲಸಕ್ಕೆ ಬನ್ನಿ ಎಂದು ಆ್ಯಪ್ ಹೇಳಿದಂತಾಗುತ್ತಿತ್ತು.

ಬಿಡುಗಡೆ

ಪ್ಲೇ ಸ್ಟೋರ್‌ನಲ್ಲಿ ಶೇ 5, 20, 50, 100 ಎಂದು ಹಂತಹಂತವಾಗಿ ಬಿಟ್ಟೆವು. ಐಫೋನಿನ ಆ್ಯಪ್ ಸ್ಟೋರ್‌ನ ಹಂತದ ಬಿಡುಗಡೆ 7 ದಿನದ್ದು, ಶೇ 1, 2, 5, 10, 20, 50, 100 ಎಂದು ಅದೇ ಏರುತ್ತದೆ. ಪ್ಲೇ ಸ್ಟೋರ್‌ನಲ್ಲಿ ನಿಲ್ಲಿಸಿದರೆ ಹೊಸಬರಿಗೆ ಹೋಗುವುದು ನಿಲ್ಲುತ್ತದೆ ಅಷ್ಟೇ, ಈಗಾಗಲೇ ಬಂದವರ ಫೋನಿನಿಂದ ವಾಪಸ್ ಬರುವುದಿಲ್ಲ. ಹಳೆಯ ಕೋಡನ್ನೇ ಹೆಚ್ಚಿನ ವರ್ಷನ್ ಸಂಖ್ಯೆಯಲ್ಲಿ ಮತ್ತೆ ಕಳಿಸಬೇಕು. ಅದಕ್ಕಾಗಿ ಔಟ್‌ಬಾಕ್ಸ್, ಹೊಸ ಚಾನೆಲ್, ನೋಟಿಫಿಕೇಶನ್ ಬಟನ್ ಮೂರಕ್ಕೂ ಸರ್ವರ್‌ನಿಂದಲೇ ಬಂದ್ ಮಾಡಬಹುದಾದ ಸ್ವಿಚ್ ಇಟ್ಟೆವು. ಪ್ರತಿ ಹಂತದಲ್ಲೂ ನೋಡಬೇಕಾದ ಅಂಕಿ ಕ್ರ್ಯಾಶ್ ಮಾತ್ರವಲ್ಲ, ಔಟ್‌ಬಾಕ್ಸ್‌ನಲ್ಲಿ ಒಂದು ಗಂಟೆಗಿಂತ ಹಳೆಯದಾಗಿ ಉಳಿದ ಸಾಲುಗಳೆಷ್ಟು ಎಂಬುದು. ಆ ಅಂಕಿ ಏರುತ್ತಿದ್ದರೆ ಹೆಚ್ಚಾಗಿ ಎಲ್ಲೋ 4xx (ಅರ್ಜಿಯಲ್ಲೇ ತಪ್ಪು ಎಂಬ ಉತ್ತರ) ಬರುತ್ತಿದೆ, ಅದನ್ನು ನೆಟ್‌ವರ್ಕ್ ದೋಷವೆಂದು ಆ್ಯಪ್ ತಿಳಿದಿದೆ.

ಹಳೆಯ ಆವೃತ್ತಿಯನ್ನು ಮುಚ್ಚುವ ಕಡ್ಡಾಯ ಅಪ್‌ಡೇಟ್ ಪರದೆಯನ್ನು ಕೊನೆಗೆ ಸೇರಿಸಿದೆವು. ಆ ಪರದೆ ಏಳುವ ಮೊದಲು ಔಟ್‌ಬಾಕ್ಸ್ ಖಾಲಿಯಾಗಿದೆಯೇ ಎಂದು ನೋಡುತ್ತದೆ. ಸಾಲುಗಳಿದ್ದರೆ ಅವನ್ನು ಕಳಿಸಲು ಬಿಟ್ಟು ಆಮೇಲೆ ತಡೆಯುತ್ತದೆ. ಇದಕ್ಕಾಗಿ ಸರ್ವರ್ ಹಳೆಯ ಎಪಿಐಯ ಬರೆಯುವ ಎಂಡ್‌ಪಾಯಿಂಟ್‌ಗಳನ್ನು ಓದುವವಕ್ಕಿಂತ 30 ದಿನ ಹೆಚ್ಚು ಜೀವಂತ ಇಡಬೇಕು.